ಶನಿವಾರ ಸಂಜೆವರೆಗೆ ಖಾಲಿ ಗೋಡೆ: ಹೆಂಚಿನ ಮನೆಗೆ ಈಸ್ಟರ್ ಸಿಂಗಾರ

‘ರಸ್ಟಿಕ್ ಕಾಟೇಜ್’ ಎಂಬ ಹೆಸರಿನಲ್ಲಿ ಆನ್‌ಲೈನ್ ಅಂಗಡಿಗಳು ಮಾರುವ ಸಾಮಾನು ನೋಡಿ: ಬಣ್ಣ ಸವೆದ ಮರದ ಪೆಟ್ಟಿಗೆ, ಸೆಣಬಿನ ಬಟ್ಟೆ, ಹೆಣೆದ ಬುಟ್ಟಿ, ತುಕ್ಕು ಹಿಡಿದಂತೆ ಬಣ್ಣ ಬಳಿದ ಲಾಟೀನು. ಸಕಲೇಶಪುರದಿಂದ ಮೂಡಿಗೆರೆವರೆಗೆ ಯಾವ ಹಳೇ ಹೆಂಚಿನ ಮನೆಯ ಅಟ್ಟ ಹತ್ತಿದರೂ ಇವೆಲ್ಲ ಸಿಗುತ್ತವೆ. ತುಕ್ಕು ಮಾತ್ರ ಅಸಲಿ. ಹಾಗಾಗಿ ನಮ್ಮ ಕಡೆ ಈಸ್ಟರ್ ಸಿಂಗಾರಕ್ಕೆ ಸಾಮಾನು ಹೊಂದಿಸುವುದು ದೊಡ್ಡ ಕೆಲಸವಲ್ಲ. ಯಾವುದನ್ನು ಯಾವಾಗ ಕೊಯ್ಯಬೇಕು, ಎಷ್ಟು ದಿನ ಒಣಗಿಸಬೇಕು, ಯಾವ ಹೊತ್ತಿಗೆ ಹೊರಗೆ ತೆಗೆಯಬೇಕು ಎಂಬ ಲೆಕ್ಕವೇ ಕೆಲಸ.

ಲೆಕ್ಕ ಹಬ್ಬದ ತಾರೀಕಿನಿಂದ ಹಿಂದಕ್ಕೆ ಹೋಗಬೇಕು. ಮಾರ್ಚ್ 21ರಂದು ಅಥವಾ ಅದರ ಮುಂದೆ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳುತ್ತದೆ. 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಮಾರ್ಚ್ ಕೊನೆಯ ಹಬ್ಬಕ್ಕೂ ಏಪ್ರಿಲ್ ಕೊನೆಯ ಹಬ್ಬಕ್ಕೂ ನಮ್ಮಲ್ಲಿ ಬಹಳ ವ್ಯತ್ಯಾಸ. ಮಾರ್ಚ್‌ನಲ್ಲಿ ಗಾಳಿ ಒಣ, ಗಿಡಕಸಿಯ, ಅಂದರೆ ಕಾಫಿ ಗಿಡದ ರೆಂಬೆ ಸವರಿದ, ಕಡ್ಡಿ ತೋಟದಲ್ಲೇ ಬಿದ್ದಿರುತ್ತದೆ. ಏಪ್ರಿಲ್ ನಡುವಿಗೆ ಬಂದರೆ ಮಧ್ಯಾಹ್ನದ ಗುಡುಗು ಮಳೆ, ಸಂಜೆ ಕರೆಂಟ್ ಇಲ್ಲ, ರಾತ್ರಿ ಈಸಲು ಹುಳು. ಒಣಹುಲ್ಲು, ಸೆಣಬು ಎರಡೂ ತೇವ ಹೀರಿ ವಾಸನೆ ಬರುತ್ತವೆ.

ಇನ್ನೊಂದು ಕಟ್ಟುಪಾಡೂ ಇದೆ. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಪೀಠಕ್ಕೆ ಹೂವಿಲ್ಲ. ಶುಭ ಶುಕ್ರವಾರ (ಗುಡ್ ಫ್ರೈಡೆ) ಚರ್ಚಿನ ಪೀಠದ ಮೇಲೆ ಬಟ್ಟೆಯನ್ನೂ ಬಿಡುವುದಿಲ್ಲ. ಮನೆಯಲ್ಲೂ ಆ ಖಾಲಿತನ ಶನಿವಾರ ಸಂಜೆವರೆಗೆ ಹಾಗೇ ಇರಬೇಕು. ಮೂರು ವಾರ ಮೊದಲೇ ಮೊಟ್ಟೆ ಮೊಲ ತೂಗುಹಾಕಿದರೆ ಹಬ್ಬದ ದಿನ ಅವು ಕಣ್ಣಿಗೇ ಬೀಳುವುದಿಲ್ಲ. ಅಂದರೆ ಎಲ್ಲವೂ ಉಗ್ರಾಣದಲ್ಲಿ ತಯಾರಾಗಿ ಕೂತಿದ್ದು, ಶನಿವಾರ ರಾತ್ರಿಯ ಜಾಗರಣೆ ಪೂಜೆಗೆ ಹೊರಡುವ ಮುನ್ನ ಎರಡು ತಾಸಿನಲ್ಲಿ ಜೋಡಿಸಿ ಮುಗಿಯಬೇಕು. ಆ ಎರಡು ತಾಸಿಗೆ ಹೊಂದದ ಯಾವ ಅಲಂಕಾರವನ್ನೂ ಶುರುಮಾಡಬೇಡಿ.

ಬಣ್ಣ ಆರಿಸುವಾಗ ಗೊಂದಲವಾದರೆ ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ನೆನಪಿಸಿಕೊಳ್ಳಿ. ಬೇಸಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಅಲ್ಲಿ ಕಾಣುವುದು ಮೂರೇ ಬಣ್ಣ: ಇಟ್ಟಿಗೆಯ ಕೆಂಪು, ಸುಣ್ಣದ ಮಾಸಲು ಬಿಳಿ, ಸುತ್ತ ಹುಲ್ಲಿನ ಹಸಿರು. ಕಾವಿ ನೆಲ, ಸುಣ್ಣದ ಗೋಡೆ ಇರುವ ಮನೆಗೆ ಇದಕ್ಕಿಂತ ಹೊಂದುವ ಜೋಡಿ ಇಲ್ಲ. ಈಸ್ಟರ್‌ನ ಪೂಜಾವಸ್ತ್ರದ ಬಣ್ಣವೂ ಬಿಳಿಯೇ. ಪೇಟೆಯ ಗುಲಾಬಿ, ನೇರಳೆ ಪ್ಲಾಸ್ಟಿಕ್ ಮೊಟ್ಟೆಗಳು ಕೆಂಪು ನೆಲದ ಮೇಲೆ ಬರ್ತ್‌ಡೇ ಪಾರ್ಟಿಯ ಹಾಗೆ ಕಾಣುತ್ತವೆ.

ಈಗ ಮುಖ್ಯ ವಸ್ತು, ಮೊಟ್ಟೆ ತೂಗುಹಾಕುವ ಕೊಂಬೆ. ಜರ್ಮನಿಯಲ್ಲಿ ಮೊಟ್ಟೆ ಕಟ್ಟಿದ ಈಸ್ಟರ್ ಗಿಡದ ಪದ್ಧತಿ ಹಳೆಯದು. ನಮ್ಮಲ್ಲಿ ಅದಕ್ಕೆ ಕಾಫಿ ಗಿಡದಷ್ಟು ಒಪ್ಪುವುದು ಬೇರೊಂದಿಲ್ಲ, ಏಕೆಂದರೆ ಅದರ ರೆಕ್ಕೆಗಳು, ಅಂದರೆ ಪಕ್ಕದ ರೆಂಬೆಗಳು, ಜೋಡಿ ಜೋಡಿಯಾಗಿ, ಹೆಚ್ಚುಕಡಿಮೆ ಅಡ್ಡಡ್ಡಕ್ಕೆ ಚಾಚಿರುತ್ತವೆ. ಮೊಟ್ಟೆ ಒಂದಕ್ಕೊಂದು ತಾಗದೆ ನೇತಾಡಲು ಜಾಗ ಸಿಗುತ್ತದೆ. ಕುಯ್ಲು ಮುಗಿದು ಗಿಡಕಸಿ ಮಾಡುವಾಗಲೇ 80ರಿಂದ 90 ಸೆಂಟಿಮೀಟರ್ ಎತ್ತರದ, ಕನಿಷ್ಠ ನಾಲ್ಕು ಜೋಡಿ ರೆಕ್ಕೆ ಇರುವ ತುಂಡೊಂದನ್ನು ಎತ್ತಿಡಿ. ಎಲೆ ಸವರಿ, ನೆರಳಲ್ಲಿ, ಗೋಡೆಗೆ ಒರಗಿಸದೆ ತಲೆಕೆಳಗಾಗಿ ನೇತುಹಾಕಿ ಮೂರು ವಾರ ಒಣಗಿಸಿ. ಬಿಸಿಲಿಗಿಟ್ಟರೆ ತೊಗಟೆ ಸೀಳಿ ಕೊಂಬೆ ಸೊಟ್ಟಗಾಗುತ್ತದೆ.

ಒಳಗೆ ತರುವ ಮುಂಚೆ ಹುಳು ನೋಡಿ. ಅರೇಬಿಕಾ ಕಾಂಡದ ತೊಗಟೆ ಮೇಲೆ ಬಳೆಯ ಹಾಗೆ ಉಬ್ಬು ಇದ್ದರೆ ಒಳಗೆ ಬಿಳಿ ಕಾಂಡಕೊರಕ ಇದೆ ಎಂದೇ ಅರ್ಥ. ರೋಬಸ್ಟಾ ರೆಕ್ಕೆಯ ತಳಭಾಗದಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತು ಇದ್ದರೆ ಅದು ಕೊಂಬೆಕೊರಕ. ಎರಡನ್ನೂ ಸುಡಬೇಕೇ ಹೊರತು ಸಿಂಗರಿಸಬಾರದು. ಕಾಂಡಕೊರಕದ ದುಂಬಿ ಹೊರಬರುವ ಒಂದು ಕಾಲ ಏಪ್ರಿಲ್-ಮೇ, ಅಂದರೆ ಹಬ್ಬದ ಆಸುಪಾಸೇ. ಕೊರಕ ಬಿದ್ದ ಕಡ್ಡಿಯನ್ನು ಅಲಂಕಾರಕ್ಕೆಂದು ಪೇಟೆಯ ನೆಂಟರಿಗೆ ಕೊಟ್ಟುಕಳಿಸುವುದು, ಇನ್ನೊಂದು ತೋಟದ ಮನೆಗೆ ಒಯ್ಯುವುದು ತೋಟಗಾರರಿಗೆ ಮಾಡುವ ಉಪಕಾರವಲ್ಲ.

ಕೊಂಬೆ ನಿಲ್ಲಿಸಲು ಮಣ್ಣಿನ ಕುಂಡ, ಒಳಗೆ ಮರಳು ಮತ್ತು ಜಲ್ಲಿ. ಒಟ್ಟು ತೂಕ 3 ಕಿಲೋ ದಾಟಲಿ. ಟೊಳ್ಳು ಮೊಟ್ಟೆ ಒಂದೊಂದೂ ಐದಾರು ಗ್ರಾಂ ಅಷ್ಟೇ. ಕೊಂಬೆ ಬೀಳುವುದು ಮೊಟ್ಟೆಯ ಭಾರಕ್ಕಲ್ಲ, ಗಾಳಿಗೆ ಮತ್ತು ಬೆಕ್ಕಿಗೆ. ಮರಳಿನ ಮೇಲೆ ಒಂದು ಹಿಡಿ ತೆಂಗಿನ ನಾರು ಹರಡಿ. ಕ್ರಿಸ್ಮಸ್ ಗೋದಲಿಗೆ ಮಾಡುವಂತೆ ಮರದ ಪಾಚಿ ಕೆರೆದು ತರಬೇಡಿ, ಈ ಕಾಲದಲ್ಲಿ ಅದು ಒಣಗಿ ಪುಡಿಯಾಗುತ್ತದೆ. ಹಾಗೆಯೇ ಹಕ್ಕಿಗೂಡು ಬೇಕೆಂದು ನಿಜವಾದ ಗೂಡಿಗೆ ಕೈಹಾಕಬಾರದು, ಅವು ಮರಿ ಮಾಡುವ ಸಮಯವೇ ಇದು. 50 ಗ್ರಾಂ ತೆಂಗಿನ ನಾರನ್ನು ಒದ್ದೆ ಮಾಡಿ ಬಟ್ಟಲಿನ ಹೊರಮೈಗೆ ಸುತ್ತಿ, ಬಾಳೆನಾರಿನಿಂದ ನಾಲ್ಕು ಸುತ್ತು ಬಿಗಿದು ಒಣಗಿಸಿದರೆ ಗೂಡು ತಾನಾಗಿ ಆಕಾರ ಹಿಡಿಯುತ್ತದೆ.

ಮೊಟ್ಟೆಯಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಊದಿ ಖಾಲಿ ಮಾಡಿ ಆಮೇಲೆ ಬಣ್ಣಕ್ಕೆ ಹಾಕಿದರೆ ಟೊಳ್ಳು ಮೊಟ್ಟೆ ತೇಲುತ್ತದೆ, ಒಂದೇ ಮಗ್ಗುಲಿಗೆ ಬಣ್ಣ ಹಿಡಿಯುತ್ತದೆ. ಬೇಯಿಸುತ್ತಾ ಬಣ್ಣ ಕಟ್ಟಿದರೆ ಬಣ್ಣವೇನೋ ಗಾಢ, ಆದರೆ ಆ ಮೊಟ್ಟೆಯನ್ನು ಖಾಲಿ ಮಾಡಲಾಗದು. ತೂಗುಹಾಕಲು ಬೇಕಾದರೆ ದಾರಿ ಒಂದೇ: ಬಣ್ಣದ ಕಷಾಯ ಮೊದಲು ಕುದಿಸಿ, ಪೂರ್ತಿ ತಣಿಸಿ, ಅದರಲ್ಲಿ ಹಸಿಮೊಟ್ಟೆಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಮುಳುಗಿಸಿಟ್ಟು, ಬಣ್ಣ ಒಣಗಿದ ಮೇಲೆ ಖಾಲಿ ಮಾಡುವುದು.

ಬಿಳಿ ಫಾರಂ ಮೊಟ್ಟೆ 12 ತೆಗೆದುಕೊಳ್ಳಿ. ಕೈಜಿಡ್ಡು ತಾಗಿದ ಕಡೆ ಬಣ್ಣ ನಿಲ್ಲುವುದಿಲ್ಲ. ವಿನಿಗರ್ ತಾಗಿಸಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಇಟ್ಟಿಗೆ ಕೆಂಪಿಗೆ ಕೆಂಪು ಈರುಳ್ಳಿಯ ಒಣ ಸಿಪ್ಪೆ 40 ಗ್ರಾಂ, ನೀರು 1 ಲೀಟರ್, ಅರ್ಧ ಗಂಟೆ ಸಣ್ಣ ಉರಿ. ಸೋಸಿ ತಣಿದ ಮೇಲೆ ಎರಡು ದೊಡ್ಡ ಚಮಚ ವಿನಿಗರ್. ಸಿಪ್ಪೆಯನ್ನು ಮನೆಯಲ್ಲೇ ಕೂಡಿಡುವುದು ನಿಧಾನ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಈರುಳ್ಳಿ ಅಂಗಡಿಯಲ್ಲಿ ಕೇಳಿದರೆ ಚೀಲ ತುಂಬ ಬಾಚಿ ಕೊಡುತ್ತಾರೆ. ಸ್ಟೀಲ್ ಪಾತ್ರೆಯನ್ನೇ ಬಳಸಿ, ಕಬ್ಬಿಣದ ಬಾಣಲೆಯಲ್ಲಿ ಬಣ್ಣ ಕಪ್ಪಿಗೆ ತಿರುಗುತ್ತದೆ. ಗ್ರೀಸ್ ಮೊದಲಾದ ಕಡೆಯ ಪೂರ್ವದ ಕ್ರೈಸ್ತ ಸಭೆಗಳಲ್ಲಿ ಈಸ್ಟರ್ ಮೊಟ್ಟೆ ಎಂದರೆ ಕೆಂಪು ಮೊಟ್ಟೆಯೇ, ಕ್ರಿಸ್ತನ ರಕ್ತದ ಗುರುತಾಗಿ. ಅಲ್ಲೂ ಈರುಳ್ಳಿ ಸಿಪ್ಪೆಯ ಬಣ್ಣ ಹಳೆಯ ಪದ್ಧತಿ.

ಹಳದಿಗೆ ಎರಡು ದೊಡ್ಡ ಚಮಚ ಅರಿಶಿನ; ನೀರು, ವಿನಿಗರ್ ಎರಡೂ ಈರುಳ್ಳಿ ಸಿಪ್ಪೆಗೆ ಹಾಕಿದಷ್ಟೇ. ಅರಿಶಿನಕ್ಕೆ ಸುಣ್ಣ ತಾಗಿದರೆ ಓಕುಳಿಯಾಗುತ್ತದೆ ಎನ್ನುವುದು ನಮಗೆ ಹೇಳಿಕೊಡಬೇಕಿಲ್ಲ. ಸೋಪಿನ ಕೈ ತಾಗಿದರೂ ಅಷ್ಟೇ, ಬೆರಳಚ್ಚು ಕೆಂಪಗೆ ಮೂಡುತ್ತದೆ. ಬಿಸಿಲಿಗೆ ಅರಿಶಿನ ಎರಡೇ ದಿನಕ್ಕೆ ಮಾಸುವುದರಿಂದ ಆ ಮೊಟ್ಟೆಗಳನ್ನು ಕಿಟಕಿಯಿಂದ ದೂರದ ರೆಕ್ಕೆಗೆ ಕಟ್ಟಿ. ನೀಲಿ ಬೇಕೆಂದರೆ ಅರ್ಧ ಕಿಲೋ ನೇರಳೆ ಕೋಸು. ಕಷಾಯ ನೋಡಲು ಗುಲಾಬಿ-ನೇರಳೆ, ಮೊಟ್ಟೆ ಮಾತ್ರ ಬೆಳಗ್ಗೆ ನೀಲಿಯಾಗಿ ಏಳುತ್ತದೆ. ಕೋಸಿನ ಬಣ್ಣ ಹುಳಿಯಲ್ಲಿ ಒಂದು ಥರ, ಸುಣ್ಣದ ಅಂಶವಿರುವ ಚಿಪ್ಪಿನ ಮೇಲೆ ಇನ್ನೊಂದು ಥರ. ಹನ್ನೆರಡರಲ್ಲಿ ಎರಡು ನೀಲಿ ಸಾಕು. ಬೀಟ್‌ರೂಟ್ ಮೇಲೆ ಭರವಸೆ ಇಡಬೇಡಿ, ಒಣಗಿದ ಮೇಲೆ ಕಂದು ಬಡಿಯುತ್ತದೆ. ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದರೆ ನಾಟಿ ಮೊಟ್ಟೆಯ ಬಣ್ಣ ಬರುತ್ತದೆ. ಅದರ ಬದಲು ನಾಟಿ ಮೊಟ್ಟೆಯನ್ನೇ ತರಬಹುದು.

ವಿನಿಗರ್ ಹೆಚ್ಚು ಸುರಿದಷ್ಟೂ ಬಣ್ಣ ಗಾಢ ಎಂಬುದು ತಪ್ಪು ತಿಳಿವಳಿಕೆ. ಹುಳಿ ಚಿಪ್ಪನ್ನು ಕರಗಿಸುತ್ತದೆ, ಗುಳ್ಳೆ ಏಳುತ್ತವೆ, ಮೇಲ್ಪದರ ಸುಣ್ಣದ ಪುಡಿಯಂತೆ ಉಜ್ಜಿ ಹೋಗಿ ಬಣ್ಣವೂ ಅದರ ಜೊತೆ ಹೋಗುತ್ತದೆ.

ಎಲೆಯ ಅಚ್ಚು ಬೇಕಿದ್ದರೆ ಬಣ್ಣಕ್ಕೆ ಹಾಕುವ ಮುಂಚೆ ಜರಿಗಿಡದ ತುದಿ, ಕೊತ್ತಂಬರಿ ಅಥವಾ ಹುಣಸೆ ಚಿಗುರನ್ನು ಒದ್ದೆ ಮಾಡಿ ಮೊಟ್ಟೆಗೆ ಅಂಟಿಸಿ, ಹಳೇ ನೈಲಾನ್ ಕಾಲುಚೀಲದ ತುಂಡಿನಲ್ಲಿ ಬಿಗಿಯಾಗಿ ಗಂಟು ಹಾಕಿ. ಎಲೆ ದಪ್ಪವಿದ್ದರೆ ಅಂಚಿನಲ್ಲಿ ಸಂದು ಬಿದ್ದು ಬಣ್ಣ ನುಗ್ಗುತ್ತದೆ. ನಾಚಿಕೆಮುಳ್ಳಿನ ಎಲೆ ಚೆಂದ ಕಾಣುತ್ತದೆಂದು ಆಸೆಪಡುವವರಿಗೆ ಒಂದು ಮಾತು: ಕಿತ್ತ ಕೂಡಲೇ ಅದು ಮುದುಡಿಕೊಳ್ಳುತ್ತದೆ, ಮೊಟ್ಟೆಗೆ ಅಂಟಿಸುವಷ್ಟು ಹೊತ್ತು ಕಾಯುವುದಿಲ್ಲ.

ಖಾಲಿ ಮಾಡುವಾಗ ಚೂಪು ತುದಿಯಲ್ಲಿ 4 ಮಿಲಿಮೀಟರ್, ದುಂಡು ತುದಿಯಲ್ಲಿ 2 ಮಿಲಿಮೀಟರ್ ತೂತು. ದೊಡ್ಡ ತೂತು ಚೂಪು ತುದಿಗೇ ಇರಲಿ, ನೇತುಹಾಕುವ ದಾರ ಅಲ್ಲಿಂದಲೇ ಬರಬೇಕು. ಉದ್ದ ಸೂಜಿಯಿಂದ ಒಳಗಿನ ಹಳದಿಯನ್ನು ಕದಡಿ. ಬಾಯಿಂದ ಊದುವ ಅಭ್ಯಾಸ ಬಿಡಿ, ಹಸಿಮೊಟ್ಟೆ ಬಾಯಿಗೆ ತಾಗುವುದು ಹೊಟ್ಟೆಗೆ ಒಳ್ಳೆಯದಲ್ಲ. ಔಷಧಿ ಅಂಗಡಿಯ 10 ಮಿಲಿಲೀಟರ್ ಸಿರಿಂಜನ್ನು ಸೂಜಿ ತೆಗೆದು ಸಣ್ಣ ತೂತಿಗೆ ಒತ್ತಿ ಮೆಲ್ಲಗೆ ಗಾಳಿ ತಳ್ಳಿದರೆ ಐದಾರು ಸಲಕ್ಕೆ ಖಾಲಿ. ಅರ್ಧದಲ್ಲಿ ನಿಂತರೆ ಒಳಪೊರೆ ಅಡ್ಡ ಬಂದಿರುತ್ತದೆ. ಜೋರು ಮಾಡಿದರೆ ಚಿಪ್ಪು ಒಡೆಯುತ್ತದೆ, ಮತ್ತೆ ಸೂಜಿ ಆಡಿಸಿ. ಅದೇ ಸಿರಿಂಜಿನಿಂದ ಒಂದು ಚಮಚ ವಿನಿಗರ್ ಬೆರೆಸಿದ ನೀರು ಹಾಯಿಸಿ ಎರಡು ಸಲ ತೊಳೆದು, ದೊಡ್ಡ ತೂತು ಕೆಳಗಾಗಿ ಟ್ರೇಯಲ್ಲಿ ಎರಡು ದಿನ ನೆರಳಲ್ಲಿ ಒಣಗಿಸಿ. ಈ ಹಂತ ತಪ್ಪಿಸಿದರೆ ವಾರದೊಳಗೆ ವಾಸನೆ, ಅದರ ಹಿಂದೆಯೇ ಇರುವೆ ಸಾಲು. ಒಳಗಿನದನ್ನು ಅವತ್ತೇ ಆಮ್ಲೆಟ್ ಮಾಡಿ ಮುಗಿಸಿ.

ದಾರ ಕಟ್ಟಲು ಗೋಂದು ಬೇಡ. ತಲೆ ಮುರಿದ ಬೆಂಕಿಕಡ್ಡಿಯ ಅರ್ಧ ತುಂಡಿನ ನಡುವಿಗೆ ದಾರ ಬಿಗಿದು, ಕಡ್ಡಿಯನ್ನು ಉದ್ದಕ್ಕೆ ದೊಡ್ಡ ತೂತಿನೊಳಗೆ ಇಳಿಸಿ ದಾರ ಎಳೆಯಿರಿ. ಒಳಗೆ ಅದು ಅಡ್ಡ ತಿರುಗಿ ಕೂರುತ್ತದೆ. ಹೊಳಪಿಗೆ ಒಂದೇ ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಸವರಿ ಮೊಟ್ಟೆಯನ್ನು ಉರುಳಿಸಿದರೆ ಸಾಕು.

ತಿನ್ನುವ ಬೆಂದ ಮೊಟ್ಟೆಗಳ ಲೆಕ್ಕ ಬೇರೆ. ಬೇಸಗೆಯ ಸೆಕೆಯಲ್ಲಿ ಅವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಮೇಜಿನ ಬುಟ್ಟಿಯಲ್ಲಿ ದಿನವಿಡೀ ಟೊಳ್ಳು ಮೊಟ್ಟೆ ಇರಲಿ, ಊಟದ ಹೊತ್ತಿಗೆ ಫ್ರಿಜ್ಜಿನಿಂದ ಬೆಂದವು ಬರಲಿ. ಗೋಡಂಬಿ-ಸಕ್ಕರೆಯ ಮಾರ್ಜಿಪಾನ್ ಮೊಟ್ಟೆ ಮಾಡುವ ಮನೆಗಳಲ್ಲಿ ಇರುವೆ ಹತ್ತದಂತೆ ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡುವುದೇ ಮೊದಲ ಅಲಂಕಾರ.

ಬುಟ್ಟಿಯೊಳಗೆ ಹಸಿರು ಕಾಗದದ ಚೂರು ತುಂಬುವ ಬದಲು ಪೈರು ಬೆಳೆಸಬಹುದು. ಗೋಧಿಗೆ ಎಂಟೊಂಬತ್ತು ದಿನ, ರಾಗಿಗೆ ಹನ್ನೊಂದು ಹನ್ನೆರಡು. ಏಪ್ರಿಲ್ 5ರ ಹಬ್ಬಕ್ಕೆ ರಾಗಿಯನ್ನು ಮಾರ್ಚ್ 25ರ ಹೊತ್ತಿಗೆ, ಗೋಧಿಯನ್ನು 27ಕ್ಕೆ ಬಿತ್ತಬೇಕು. 25 ಸೆಂಟಿಮೀಟರ್ ಅಗಲದ ಅಡಿಕೆ ಹಾಳೆ ತಟ್ಟೆಗೆ ಬಾಳೆ ಎಲೆ ಹಾಸಿ, ಎರಡು ಸೆಂಟಿಮೀಟರ್ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮೇಲೆ 12 ತಾಸು ನೆನೆಸಿದ 100 ಗ್ರಾಂ ಗೋಧಿ. ರಾಗಿಯಾದರೆ ಎರಡು ಚಮಚ ಸಾಕು. ಬಾಳೆ ಎಲೆ ಮರೆತರೆ ಹಾಳೆಗೆ ಬೂಷ್ಟು ಹಿಡಿದು ತಳ ಬಿಡುತ್ತದೆ. ಮೊದಲ ಎರಡು ದಿನ ಮುಚ್ಚಿಟ್ಟು ಆಮೇಲೆ ಬೆಳಕಿಗೆ ತನ್ನಿ; ನೀರು ಚಿಮುಕಿಸುವುದು ದಿನಕ್ಕೆರಡು ಸಲ, ನಿಲ್ಲುವಂತೆ ಅಲ್ಲ. ಮೂರನೇ ದಿನ ಕಾಳಿನ ಸುತ್ತ ಬಿಳಿ ಎಳೆ ಕಂಡು ಬೂಷ್ಟೆಂದು ಬಿಸಾಡುವವರಿದ್ದಾರೆ. ನೀರು ಚಿಮುಕಿಸಿದಾಗ ಎಳೆ ಮಾಯವಾದರೆ ಅದು ಬೇರಿನ ರೋಮ. ಹಾಗೇ ಉಳಿದು ಹಳಸು ವಾಸನೆ ಬಂದರೆ ಮಾತ್ರ ಬೂಷ್ಟು.

ಬಾಗಿಲಿಗೆ ತೂಗುಹಾಕುವ ಹೆಣೆದ ಬಳೆಗೆ ಲಂಟಾನ ಕಡ್ಡಿ. ತೋಟದ ಬೇಲಿಯಲ್ಲಿ ಇದನ್ನು ಕಡಿದಷ್ಟೂ ಪುಣ್ಯ. ಪೆನ್ಸಿಲ್‌ಗಿಂತ ತೆಳ್ಳಗಿನ, ಒಂದೂವರೆ ಮೀಟರ್ ಉದ್ದದ ಎಂಟು ಹತ್ತು ಕಡ್ಡಿ, ಕೈಗೆ ಗ್ಲೌಸ್ ಹಾಕಿ ಎಲೆ ಮುಳ್ಳು ಸವರಿ. ಸವರಿದ ಎಲೆ ದನಕ್ಕೆ ವಿಷ, ಕೊಟ್ಟಿಗೆ ಕಡೆ ಎಸೆಯಬೇಡಿ. ಬಚ್ಚಲ ಹಂಡೆಯಲ್ಲಿ ಇಪ್ಪತ್ತು ನಿಮಿಷ ಕುದಿಸಿದರೆ ಮೆತ್ತಗಾಗುತ್ತವೆ. ಬಿಸಿ ಇದ್ದಾಗಲೇ ಬಕೆಟ್ಟಿನ ಸುತ್ತ ಒಂದೊಂದಾಗಿ ಹೆಣೆದು ಕಟ್ಟಿ, ನಾಲ್ಕೈದು ದಿನ ಅದರ ಮೇಲೆಯೇ ಬಿಡಿ; ಬೇಗ ಬಿಚ್ಚಿದರೆ ಮೊಟ್ಟೆಯಾಕಾರಕ್ಕೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಸಿಕ್ಕಿಸಲು ಸಿಲ್ವರ್ ಓಕ್ ಎಲೆ ಹದಿನೈದು ಇಪ್ಪತ್ತು, ಪೇಪರ್ ನಡುವೆ ಹಾಸಿಗೆ ಕೆಳಗೆ ಮೂರು ದಿನ ಒತ್ತಿಟ್ಟು, ಬೆಳ್ಳಿ ಬಣ್ಣದ ಹಿಂಬದಿ ಹೊರಗೆ ಕಾಣುವಂತೆ. ಈ ಒಂದು ಎಲೆಯ ಎದುರು ಪೇಟೆಯ ಯಾವ ಕೃತಕ ಎಲೆಯೂ ನಿಲ್ಲದು.

ಮೇಜಿಗೆ ಗೋಣಿಚೀಲ ಬಿಚ್ಚಿದ ಪಟ್ಟಿ, 35 ಸೆಂಟಿಮೀಟರ್ ಅಗಲ. ಕತ್ತರಿಸುವ ಜಾಗದಲ್ಲಿ ಮೊದಲು ಒಂದು ಎಳೆ ಎಳೆದು ತೆಗೆದರೆ ಅದೇ ನೇರ ಗೆರೆ. ಚೀಲದ ಎಣ್ಣೆ ವಾಸನೆ ಹೋಗಲು ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ರಾತ್ರಿ ನೆನೆಸಿ ಎರಡು ಬಿಸಿಲು ಕಾಯಿಸಿ. ಅಂಚಿಗೆ ಹೊಲಿಗೆ ಹಾಕದಿದ್ದರೆ ಬೆಳಗಾಗುವುದರಲ್ಲಿ ಅರ್ಧ ಬಿಚ್ಚಿರುತ್ತದೆ. ಕೆಳಗೆ ಬಿಳಿ ಪಂಚೆ ಹಾಸಿ. ಸೆಣಬಿನ ಧೂಳು ಊಟದ ತಟ್ಟೆಗೆ ಬರುವುದಿಲ್ಲ.

ಹೂವಿನ ವಿಷಯದಲ್ಲಿ ಈಸ್ಟರ್ ಲಿಲಿಯೇ ಆಗಬೇಕೆಂದು ಹಟ ಹಿಡಿಯಬೇಡಿ. ಅದು ಜಪಾನಿನ ದಕ್ಷಿಣದ ದ್ವೀಪಗಳ ಗಿಡ. ಪೇಟೆಯಿಂದ ತಂದಿದ್ದೇ ಆದರೆ ಹೂ ಅರಳಿದ ಕೂಡಲೇ ಒಳಗಿನ ಪರಾಗದ ಕಡ್ಡಿಗಳನ್ನು ಚಿವುಟಿ ತೆಗೆಯಿರಿ. ಬಿಳಿ ಬಟ್ಟೆಗೆ ಪರಾಗ ಬಿದ್ದರೆ ಒದ್ದೆ ಕೈ ಹಾಕದೆ ಸೆಲ್ಲೊಟೇಪ್ ಒತ್ತಿ ಎತ್ತಬೇಕು. ಸುಗಂಧರಾಜ ಇಲ್ಲಿಗೆ ಹೆಚ್ಚು ಹೊಂದುತ್ತದೆ: ಕೆಳಗಿನ ಎರಡು ಮೂರು ಮೊಗ್ಗು ಮಾತ್ರ ಬಿರಿದ ಹತ್ತು ಹನ್ನೆರಡು ಕಡ್ಡಿ, ಬುಡ ಓರೆಯಾಗಿ ಕತ್ತರಿಸಿ, ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ನಿಂಬೆ. ದಿನಾ ನೀರು ಬದಲಿಸಿದರೆ ಐದಾರು ದಿನಕ್ಕೆ ಮೋಸವಿಲ್ಲ. ದೇವಕಣಗಿಲೆಯನ್ನು ಹಾಲು ತೊಳೆದು ಉರುಳಿಯ ನೀರಿನಲ್ಲಿ ತೇಲಿಬಿಡಿ, ಒಂದು ದಿನದ ಚೆಂದ. ಕಾಫಿ ಮೊಗ್ಗು ಬಿರಿಸುವ ಹೂಮಳೆ ಸರಿಯಾಗಿ ಬಿದ್ದ ವರ್ಷ, ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿರಿದು ಹಬ್ಬದ ವಾರಕ್ಕೇ ತೋಟ ಬೆಳ್ಳಗಾಗುವುದುಂಟು. ಹಾಗೆಂದು ಹೂಬಿಟ್ಟ ರೆಕ್ಕೆ ಮುರಿದು ಹೂದಾನಿಗೆ ಇಡಬಾರದು. ಮರುದಿನಕ್ಕೇ ಕಂದಾಗುತ್ತದೆ, ಮುರಿದದ್ದು ಮುಂದಿನ ಕುಯ್ಲು. ತೋಟದ ಕಡೆಯ ಕಿಟಕಿ ತೆರೆದಿಟ್ಟರೆ ಘಮಲು ತಾನೇ ಒಳಗೆ ಬರುತ್ತದೆ.

ಶನಿವಾರ ರಾತ್ರಿ ಚರ್ಚಿನ ದೀಪವೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಪಾಸ್ಖ ಎಂಬ ದೊಡ್ಡ ಈಸ್ಟರ್ ಮೇಣದಬತ್ತಿಯಿಂದ ಎಲ್ಲರ ಕೈಯ ಬತ್ತಿಗೂ ಬೆಳಕು ಹಂಚುತ್ತಾರೆ. ಆ ಬತ್ತಿಯನ್ನೇ ಮನೆಗೆ ತಂದು ಜಗಲಿಯ ಲಾಟೀನಿನಲ್ಲಿ ಹಚ್ಚಿದರೆ ಬೇರೆ ಬಾಗಿಲ ಅಲಂಕಾರವೇ ಬೇಡ. ಲಾಟೀನಿನ ತಳಕ್ಕೆ 250 ಗ್ರಾಂ ಪಾರ್ಚ್‌ಮೆಂಟ್ ಕಾಫಿ (ಒಳಸಿಪ್ಪೆ ಬಿಡಿಸದ ಒಣ ಬೀಜ) ಸುರಿದು ಬತ್ತಿ ನಿಲ್ಲಿಸಿ. ಅದರ ಕೆನೆಬಣ್ಣ ಬೆಳಕಿಗೆ ಒಪ್ಪುತ್ತದೆ. ಜ್ವಾಲೆ ಕಾಳಿನ ಮಟ್ಟಕ್ಕೆ ಇಳಿಯುವ ಮೊದಲು ಬತ್ತಿ ಬದಲಿಸಲೇಬೇಕು. ಹುರಿದ ಬೀಜ ಬೇಡ, ಎಣ್ಣೆಯಂಶಕ್ಕೆ ಕರಟಿ ಹೊಗೆಯಾಡುತ್ತದೆ. ಒಣಹುಲ್ಲು, ನಾರು, ಗೋಣಿ ಯಾವುದೂ ಬತ್ತಿಯಿಂದ ಒಂದಡಿಯೊಳಗೆ ಇರಬಾರದು. ಉದ್ದ ಬತ್ತಿಗಳು ಸೆಕೆಗೆ ಬಾಗುತ್ತವೆ, ಸಂಜೆವರೆಗೆ ಫ್ರಿಜ್ಜಿನಲ್ಲಿಡಿ.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ತೆಂಗಿನ ಎಳೆಗರಿಯನ್ನು ಅವತ್ತೇ ಶಿಲುಬೆಯಾಗಿ ಹೆಣೆದಿಡಿ. ಎರಡು ದಿನ ಬಿಟ್ಟರೆ ಮಡಿಸುವಾಗ ಮುರಿಯುತ್ತದೆ. ಮನೆಯ ಪೀಠದ ಮೇಲೆ ಅದಷ್ಟೇ ಇರಲಿ.

ಹಬ್ಬದ ಎಂಟು ದಿನ ಕಳೆದ ಮೇಲೆ ಬಿಚ್ಚುವ ಕೆಲಸ. ಪೈರು ಕೋಳಿಗೆ, ಒಡೆದ ಚಿಪ್ಪು ಗುಲಾಬಿ ಬುಡಕ್ಕೆ, ಲಂಟಾನ ಬಳೆ ಹಂಡೆ ಒಲೆಗೆ. ಒಳ್ಳೆಯ ಮೊಟ್ಟೆಗಳನ್ನು ಟ್ರೇಯಲ್ಲಿ ಒಣ ರಾಗಿಹುಲ್ಲಿನ ನಡುವೆ ಜೋಡಿಸಿ, ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿಡಿ. ಮಳೆಗಾಲದಲ್ಲಿ ಮಲೆನಾಡಿನ ಮನೆಯಲ್ಲಿ ಬೂಷ್ಟು ಹಿಡಿಯದ ಜಾಗ ಅದೊಂದೇ. ಗರಿಯ ಶಿಲುಬೆಯನ್ನು ಮಾತ್ರ ಎಸೆಯುವಂತಿಲ್ಲ: ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ 2027ರಲ್ಲಿ ಫೆಬ್ರುವರಿ 10ಕ್ಕೆ ಬರುತ್ತದೆ, ಹಣೆಗಿಡುವ ಬೂದಿಗಾಗಿ ಅದಕ್ಕೆ ಮೊದಲೇ ಚರ್ಚಿಗೆ ತಲುಪಿಸಬೇಕು.